ಬೇರೆಯವರ ಖಾತೆಗೆ ಬೀಳುವ ರನ್ನುಗಳು

ಒಂಬತ್ತು ಇನಿಂಗ್ಸ್‌ಗಳ ಬೇಸ್‌ಬಾಲ್ ಪಂದ್ಯವೊಂದರ ಎಂಟನೇ ಇನಿಂಗ್ಸ್‌ನಲ್ಲಿ ಆತಿಥೇಯ ತಂಡ ಮೂರು ರನ್ ಮುಂದಿದೆ ಎಂದುಕೊಳ್ಳೋಣ. ಅದರ ಪಿಚರ್, ಅಂದರೆ ಚೆಂಡೆಸೆಯುವವನು, ಒಬ್ಬರನ್ನೂ ಔಟ್ ಮಾಡಲಾಗದೆ ಮೂರೂ ಬೇಸ್‌ಗಳಲ್ಲಿ (ರನ್ ಗಳಿಸಲು ಓಟಗಾರ ದಾಟಬೇಕಾದ ತಾಣಗಳಲ್ಲಿ) ಎದುರಾಳಿ ಓಟಗಾರರನ್ನು ಬಿಟ್ಟು ಹೊರನಡೆಯುತ್ತಾನೆ. ಅವನ ಜಾಗಕ್ಕೆ ಬಂದ ರಿಲೀಫ್ ಪಿಚರ್‌ನ ಮೊದಲ ಎಸೆತವನ್ನೇ ಬ್ಯಾಟರ್ ಗೋಡೆಯ ಬುಡಕ್ಕೆ ಹೊಡೆದು ತಾನು ಎರಡನೇ ಬೇಸ್ ಮುಟ್ಟುತ್ತಾನೆ, ಓಟಗಾರರು ಮೂವರೂ ರನ್ ಗಳಿಸುತ್ತಾರೆ, ಪಂದ್ಯ ಸಮವಾಗುತ್ತದೆ. ನಂತರದ ಮೂವರನ್ನು ಆ ರಿಲೀಫ್ ಪಿಚರ್ ಸಾಲಾಗಿ ಔಟ್ ಮಾಡುತ್ತಾನೆ. ಅದೇ ಇನಿಂಗ್ಸ್‌ನ ಉತ್ತರಾರ್ಧದಲ್ಲಿ ಅವನ ತಂಡ ಒಂದು ರನ್ ಗಳಿಸುತ್ತದೆ, ಒಂಬತ್ತನೇ ಇನಿಂಗ್ಸ್‌ನಲ್ಲಿ ಇನ್ನೊಬ್ಬ ಪಿಚರ್ ಬಂದು ಆಟ ಮುಗಿಸುತ್ತಾನೆ.

ಕಾಲೇಜು ಮಟ್ಟದ ಪಂದ್ಯಗಳಿಗೆ ಸ್ಕೋರ್ ಬರೆಯುವ ನಾನು ಇದನ್ನು ದಾಖಲಿಸಬೇಕಾದ ರೀತಿ ಹೀಗಿದೆ. ಮೊದಲನೆಯವನ ಹೆಸರಿಗೆ ಮೂರು ರನ್. ಎರಡನೆಯವನ ಹೆಸರಿಗೆ ಸೊನ್ನೆ ರನ್, ಮುನ್ನಡೆ ಕೈಚೆಲ್ಲಿದ್ದಕ್ಕೆ ಒಂದು ‘ಬ್ಲೋನ್ ಸೇವ್’, ಮತ್ತು ತಂಡ ಮತ್ತೆ ಮುಂದಾದಾಗ ಅದರ ಪಿಚರ್ ಅವನೇ ಆಗಿದ್ದರಿಂದ ಪಂದ್ಯದ ಗೆಲುವು. ಕೊನೆಯವನಿಗೆ ಮುನ್ನಡೆ ಕಾಯ್ದದ್ದಕ್ಕೆ ಒಂದು ‘ಸೇವ್’. ಅಲ್ಪಕಾಲ ಆಡಿ ನಿಷ್ಪ್ರಯೋಜಕನಾದ ಪಿಚರ್‌ನ ಗೆಲುವನ್ನು ಬೇರೊಬ್ಬನಿಗೆ ಬರೆಯುವ ಅಧಿಕಾರ ಸ್ಕೋರರ್‌ಗೆ ಇರುವುದು ನಿಜ. ಆದರೆ ಒಂದು ಇನಿಂಗ್ಸ್‌ಗಿಂತ ಕಡಿಮೆ ಆಡಿ ಎರಡು ಅಥವಾ ಹೆಚ್ಚು ರನ್ ಬಿಟ್ಟವನನ್ನು ಕುರಿತು ಹೇಳಿದ ಮಾತದು. ನಮ್ಮವನು ಪೂರ್ತಿ ಇನಿಂಗ್ಸ್ ಆಡಿದ್ದಾನೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಬ್ಯಾಟಿನಿಂದ ಬಂದ ರನ್ ಆ ಚೆಂಡನ್ನು ಎಸೆದವನ ಲೆಕ್ಕಕ್ಕೇ ಸೇರುತ್ತದೆ. ಬೇಸ್‌ಬಾಲ್‌ನಲ್ಲಾದರೋ ಓಟಗಾರನನ್ನು ಬೇಸ್ ಮೇಲೆ ಬಿಟ್ಟುಹೋದವನೇ ಆ ರನ್ನಿಗೆ ಹೊಣೆ. ಈ ನಿಯಮದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮೂರನೇ ಬೇಸ್‌ನಲ್ಲಿ ನಿಂತ ಓಟಗಾರನ ರನ್ನಿನಲ್ಲಿ ಇಬ್ಬರು ಪಿಚರ್‌ಗಳ ಪಾಲಿರುವಾಗ ಲೆಕ್ಕಪುಸ್ತಕ ಅದನ್ನು ಇಡಿಯಾಗಿ ಒಬ್ಬನ ಮೇಲೆ ಹೊರಿಸುತ್ತದೆ. ಹೀಗಾಗಿ ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಹೊರತುಪಡಿಸಿ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿಯಾದ ‘ಇಆರ್‌ಎ’ಯು ರಿಲೀಫ್ ಪಿಚರ್‌ನ ವಿಷಯದಲ್ಲಿ ಅವನ ಮುಖ್ಯ ಕೆಲಸವನ್ನೇ, ಅಂದರೆ ಇತರರು ಹಚ್ಚಿದ ಬೆಂಕಿಯನ್ನು ನಂದಿಸುವುದನ್ನೇ, ಅಳೆಯದೆ ಬಿಡುತ್ತದೆ. ನಾನು ಸ್ಕೋರ್ ಬರೆದ ತಂಡವೊಂದರಲ್ಲಿ ಅತ್ಯಂತ ಕಡಿಮೆ ಇಆರ್‌ಎ ಇದ್ದ ಹುಡುಗನೇ ಬೇರೆಯವರು ಬಿಟ್ಟುಹೋದ ಓಟಗಾರರಿಗೆ ಅತಿ ಹೆಚ್ಚು ರನ್ ಬಿಟ್ಟುಕೊಟ್ಟಿದ್ದ, ಮತ್ತು ಅದರ ಪೆಟ್ಟು ಬಿದ್ದದ್ದು ಅವನಿಗಿಂತ ಮೊದಲು ಆಡುತ್ತಿದ್ದ ಅವನ ಗೆಳೆಯನ ಅಂಕಿಗಳ ಮೇಲೆ.

ಇಆರ್‌ಎಗೆ ಇನ್ನೊಂದು ತೊಂದರೆಯೂ ಇದೆ. ಋತುವೊಂದರಲ್ಲಿ 60 ಇನಿಂಗ್ಸ್ ಆಡಿ 15 ರನ್ ಬಿಟ್ಟ ರಿಲೀಫ್ ಪಿಚರ್‌ನ ಇಆರ್‌ಎ 2.25. ಒಂದೇ ಒಂದು ಕೆಟ್ಟ ರಾತ್ರಿ ಅವನು ಒಬ್ಬನನ್ನು ಮಾತ್ರ ಔಟ್ ಮಾಡಿ ಆರು ರನ್ ಬಿಟ್ಟರೆ ಅದು 3.13ಕ್ಕೆ ಏರುತ್ತದೆ. 180 ಇನಿಂಗ್ಸ್ ಆಡಿ 45 ರನ್ ಬಿಟ್ಟ ಆರಂಭಿಕ ಪಿಚರ್‌ಗೂ ಅದೇ 2.25 ಇರುತ್ತದೆ, ಆದರೆ ಅಂಥದೇ ರಾತ್ರಿಯ ನಂತರ ಅದು 2.55 ಮಾತ್ರ ಆಗುತ್ತದೆ.

ಇನ್ನು ಸೇವ್‌ನ ಮಾತು. 1959ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ರಿಲೀಫ್ ಪಿಚರ್ ಎಲ್ರಾಯ್ ಫೇಸ್ 18 ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತರು. ಅವುಗಳಲ್ಲಿ ಕೆಲವು, ಮುನ್ನಡೆಯನ್ನು ಅವರೇ ಕೈಬಿಟ್ಟ ಮೇಲೆ ತಂಡದ ಬ್ಯಾಟರ್‌ಗಳು ತಂದುಕೊಟ್ಟ ಗೆಲುವುಗಳೆಂಬುದನ್ನು ಗಮನಿಸಿದ ಶಿಕಾಗೋದ ಕ್ರೀಡಾ ಪತ್ರಕರ್ತ ಜೆರೋಮ್ ಹೋಲ್ಟ್ಜ್‌ಮನ್, ಮುನ್ನಡೆಯನ್ನು ಕಾಯ್ದವನಿಗೆ ಸಲ್ಲಬೇಕಾದ ಶ್ರೇಯ ಸಲ್ಲಲೆಂದು ಸೇವ್ ಎಂಬ ಲೆಕ್ಕವನ್ನು ರೂಪಿಸಿದರು. 1969ರಲ್ಲಿ ಅದು ಅಧಿಕೃತವಾಯಿತು. ಈಗಿನ ನಿಯಮದಂತೆ, ಗೆದ್ದ ತಂಡದ ಪರವಾಗಿ ಆಟ ಮುಗಿಸಿದವನು, ಗೆಲುವು ತನ್ನ ಹೆಸರಿಗೆ ಬಾರದಿದ್ದಾಗ, ಮೂರು ರನ್‌ಗಿಂತ ಹೆಚ್ಚಿಲ್ಲದ ಮುನ್ನಡೆಯಲ್ಲಿ ಒಂದು ಇನಿಂಗ್ಸ್ ಆಡಿದರೂ, ಸಮ ಮಾಡಬಲ್ಲ ಎದುರಾಳಿ ಬೇಸ್ ಮೇಲೋ ಬ್ಯಾಟಿಂಗ್‌ನಲ್ಲೋ ಅದರ ಮುಂದಿನ ಸರದಿಯಲ್ಲೋ ಇರುವಾಗ ಬಂದರೂ, ಅಥವಾ ಮುನ್ನಡೆ ಎಷ್ಟೇ ಇರಲಿ ಕೊನೆಯ ಮೂರು ಇನಿಂಗ್ಸ್ ಪರಿಣಾಮಕಾರಿಯಾಗಿ ಆಡಿದರೂ ಸೇವ್ ಪಡೆಯುತ್ತಾನೆ.

ಈ ಕೊನೆಯ ಕಲಮಿನ ಫಲವಾಗಿ 2007ರ ಆಗಸ್ಟ್ 22ರಂದು ಟೆಕ್ಸಸ್ ರೇಂಜರ್ಸ್ ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು 30–3ರಿಂದ ಸೋಲಿಸಿದಾಗ ಕೊನೆಯ ಮೂರು ಇನಿಂಗ್ಸ್ ಆಡಿದ ವೆಸ್ ಲಿಟಲ್‌ಟನ್ ಅವರಿಗೆ ಸೇವ್ ಸಿಕ್ಕಿತು. ಇದನ್ನು ಎಲ್ಲರೂ ಉದಾಹರಿಸುತ್ತಾರೆ. ನನಗೆ ಹೆಚ್ಚು ಕಳವಳ ತರುವುದು ದಿನನಿತ್ಯ ನಡೆಯುವ ಇನ್ನೊಂದು ಸಂಗತಿ: ಖಾಲಿ ಬೇಸ್‌ಗಳೊಂದಿಗೆ ಮೂರು ರನ್ ಮುನ್ನಡೆಯಲ್ಲಿ ಒಂಬತ್ತನೇ ಇನಿಂಗ್ಸ್ ಆರಂಭಿಸಿದವನಿಗೂ, ಒಂದೇ ರನ್ ಮುನ್ನಡೆ ಇದ್ದು ಬೇಸ್‌ಗಳೆಲ್ಲ ತುಂಬಿರುವಾಗ ಬಂದವನಿಗೂ ಸಿಗುವುದು ಅದೇ ಒಂದು ಸೇವ್.

ಲೆಕ್ಕವು ಆಟವನ್ನು ಹಿಂಬಾಲಿಸಬೇಕು. ಇಲ್ಲಿ ಆಟವೇ ಲೆಕ್ಕವನ್ನು ಹಿಂಬಾಲಿಸಿತು. ಅತ್ಯುತ್ತಮ ರಿಲೀಫ್ ಪಿಚರ್‌ನನ್ನು ಸೇವ್ ಸಿಗುವ ಒಂಬತ್ತನೇ ಇನಿಂಗ್ಸ್‌ಗೆಂದು ಮೀಸಲಿಡುವುದು ರೂಢಿಯಾಯಿತು. 2016ರಲ್ಲಿ ಓರಿಯೋಲ್ಸ್‌ನ ಜ್ಯಾಕ್ ಬ್ರಿಟನ್ 47 ಅವಕಾಶಗಳಲ್ಲಿ 47 ಸೇವ್ ಗಳಿಸಿದ್ದರು, ಅವರ ಇಆರ್‌ಎ 0.54. ಆ ವರ್ಷದ ಟೊರಾಂಟೊ ವಿರುದ್ಧದ ವೈಲ್ಡ್ ಕಾರ್ಡ್ ಪಂದ್ಯ, ಸೋತವರು ಮನೆಗೆ ಹೋಗಬೇಕಾದ ಪಂದ್ಯ, 2–2 ಸಮದಲ್ಲಿ ಹನ್ನೊಂದನೇ ಇನಿಂಗ್ಸ್‌ಗೆ ಹೋಯಿತು. ಸಮ ಇರುವಾಗ ಸೇವ್ ಎಂಬುದಿಲ್ಲ. ಮುನ್ನಡೆ ಬಂದ ಮೇಲೆ ಬಳಸಲೆಂದು ಬ್ರಿಟನ್ ಅವರನ್ನು ಉಳಿಸಿಕೊಂಡ ತಂಡದ ಪರ ಉಬಾಲ್ಡೊ ಹಿಮೆನೆಸ್ ಎಸೆದ ಚೆಂಡನ್ನು ಎಡ್ವಿನ್ ಎನ್‌ಕಾರ್ನಾಸಿಯೋನ್ ಮೂರು ರನ್ನಿನ ಹೋಮ್ ರನ್ ಆಗಿ ಹೊಡೆದು ಪಂದ್ಯ ಮುಗಿಸಿದರು. ಬ್ರಿಟನ್ ಒಂದು ಚೆಂಡನ್ನೂ ಎಸೆಯಲಿಲ್ಲ.

ಹಾಗಾಗಿ ತರಬೇತುದಾರರು ನನ್ನಲ್ಲಿ ರಿಲೀಫ್ ಪಿಚರ್‌ನ ಅಂಕಿಗಳನ್ನು ಕೇಳಿದಾಗ ನಾನು ಸೇವ್ ಮತ್ತು ಇಆರ್‌ಎಗಳಿಗಿಂತ ಮೊದಲು ಬೇರೆ ನಾಲ್ಕನ್ನು ಕೊಡುತ್ತೇನೆ: ಅವನು ಬಂದಾಗ ಬೇಸ್ ಮೇಲಿದ್ದವರು ಎಷ್ಟು ಮಂದಿ, ಅವರಲ್ಲಿ ರನ್ ಗಳಿಸಿದವರು ಎಷ್ಟು, ಎದುರಿಸಿದ ಬ್ಯಾಟರ್‌ಗಳಲ್ಲಿ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಔಟ್) ಮತ್ತು ವಾಕ್‌ಗಳ (ನಾಲ್ಕು ಗುರಿತಪ್ಪಿದ ಎಸೆತಗಳಿಂದ ಸಿಗುವ ಮೊದಲ ಬೇಸ್) ಪ್ರಮಾಣ, ಅವನು ಚೆಂಡು ಹಿಡಿದಾಗ ಪಂದ್ಯ ಎಷ್ಟು ಬಿಗಿಯಾಗಿತ್ತು ಎಂಬುದನ್ನು ತಿಳಿಸುವ ಲೆವರೇಜ್ ಸೂಚ್ಯಂಕ. ಓಟಗಾರರ ಲೆಕ್ಕವನ್ನು ಬರೆಯುವಾಗ ಅವರು ನಿಂತಿದ್ದ ಬೇಸ್ ಯಾವುದು, ಆಗ ಔಟ್ ಆಗಿದ್ದವರೆಷ್ಟು ಎಂಬುದನ್ನೂ ಪಕ್ಕದಲ್ಲೇ ಗುರುತಿಸುತ್ತೇನೆ; ಇಬ್ಬರು ಔಟ್ ಆಗಿ ಮೊದಲ ಬೇಸ್‌ನಲ್ಲಿದ್ದವನನ್ನು ತಡೆಯುವುದೂ, ಯಾರೂ ಔಟ್ ಆಗದೆ ಮೂರನೇ ಬೇಸ್‌ನಲ್ಲಿದ್ದವನನ್ನು ತಡೆಯುವುದೂ ಒಂದೇ ಕೆಲಸವಲ್ಲ.