ಕಪ್ಪು ವೈರೂ ವೈರೇ

ಪ್ರಾಜೆಕ್ಟ್ ಒಪ್ಪಿಸುವ ತಿಂಗಳು ಹತ್ತಿರವಾದಂತೆ ಕಲಬುರಗಿಯ ನನ್ನ ರಿಪೇರಿ ಮೇಜಿನ ಮೇಲೆ ಇನ್ವರ್ಟರ್, ಸ್ಟೆಬಿಲೈಸರ್‌ಗಳನ್ನು ಪಕ್ಕಕ್ಕೆ ತಳ್ಳಿ, ಬೆಸುಗೆ ಇಲ್ಲದೆ ವೈರು ಚುಚ್ಚಿ ಸರ್ಕೀಟ್ ಕಟ್ಟುವ ವಿದ್ಯಾರ್ಥಿಗಳ ಬ್ರೆಡ್‌ಬೋರ್ಡುಗಳು ಬಂದು ಕೂರುತ್ತವೆ. ಆಳಂದದವರಿರಲಿ, ಸೇಡಂ, ಚಿತ್ತಾಪುರದವರಿರಲಿ, ಎಲ್ಲರೂ ತರುವ ದೂರು ಬಹುತೇಕ ಒಂದೇ. "ಸರ್, ಎರಡೂ ಬ್ಯಾರೆ ಬ್ಯಾರೆ ಸರ್ಕೀಟ್ ಅವರೀ, ಒಂದಕ್ಕೊಂದು ಸಂಬಂಧೇ ಇಲ್ರಿ. ಆದ್ರೂ ಇದು ಚಾಲೂ ಮಾಡಿದ್ರ ಅದು ಕೆಡ್ತದ." ಸಂಬಂಧವೇ ಇಲ್ಲದಿದ್ದರೆ ಕೆಡುವುದೂ ಇಲ್ಲ ಎಂದು ಎಷ್ಟು ವರ್ಷಗಳಿಂದ ಹೇಳುತ್ತಿದ್ದೇನೋ ನನಗೇ ಲೆಕ್ಕವಿಲ್ಲ.

ಈ ಸಲ ಬಂದ ಹುಡುಗನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ತೊಗರಿ ಹೊಲದ ತೇವ ನೋಡಿ ತಾನೇ ನೀರು ಬಿಡುವ ಯಂತ್ರ ಅದು: 12 ವೋಲ್ಟಿನ ಬ್ಯಾಟರಿ, ಸಣ್ಣ ಪಂಪು, ಪಂಪಿಗೆ ಸ್ವಿಚ್ಚಾಗುವ ರಿಲೇ, ಇದನ್ನೆಲ್ಲ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೋ ಊನೋ ಮತ್ತು ಮಣ್ಣಿನಲ್ಲಿ ಚುಚ್ಚುವ ಕೆಪಾಸಿಟಿವ್ ಸೆನ್ಸರ್. ಸೆನ್ಸರಿಗೆ ಪ್ರತ್ಯೇಕವಾಗಿ, 12 ವೋಲ್ಟನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರ್ ಹಾಕಿದ್ದರಿಂದ ಅದು ಬೇರೆಯೇ ಸರ್ಕೀಟ್ ಎಂಬುದು ಅವನ ನಂಬಿಕೆ. ಸೆನ್ಸರಿನ ಅಂಕ 500 ದಾಟಿದರೆ ಮಣ್ಣು ಒಣಗಿದೆ ಎಂದು ಪಂಪು ಚಾಲೂ ಆಗಬೇಕು, ಇಳಿದರೆ ನಿಲ್ಲಬೇಕು. ಆದರೆ ಅಂಕ 508ಕ್ಕೆ ಬಂದ ಕೂಡಲೇ ರಿಲೇ ಟಕಟಕ ಎಂದು ಬಡಿದುಕೊಳ್ಳಲು ಶುರು ಮಾಡುತ್ತಿತ್ತು. ಅವನು ಎರಡು ರಿಲೇ ಬದಲಿಸಿದ್ದ, ಪ್ರೋಗ್ರಾಮನ್ನು ಮೂರು ಸಲ ತಿದ್ದಿದ್ದ, ಕೊನೆಗೆ ಸೆನ್ಸರಿನ ಕೇಬಲ್ಲಿಗೆ ರೊಟ್ಟಿ ಕಟ್ಟುವ ಫಾಯಿಲ್ ಸುತ್ತಿಕೊಂಡು ಬಂದಿದ್ದ. ಫಾಯಿಲ್ ಸುತ್ತಿದ್ದು ಬಹಳ ಅಚ್ಚುಕಟ್ಟಾಗಿತ್ತೆಂದು ಒಪ್ಪಿಕೊಳ್ಳಲೇಬೇಕು.

ನಾನು ನೋಡಿದ್ದು ಕಪ್ಪು ವೈರುಗಳನ್ನು, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಗಳನ್ನು ಮಾತ್ರ. ಸೆನ್ಸರ್ ಮತ್ತು ಅದರ ರೆಗ್ಯುಲೇಟರಿನ ಕಪ್ಪು ವೈರು ನೇರ ಬ್ಯಾಟರಿಯ ಮೈನಸ್ಸಿಗೆ ಹೋಗಿತ್ತು. ಪಂಪಿನ ಕಪ್ಪು ವೈರು ಮಾತ್ರ ಬ್ರೆಡ್‌ಬೋರ್ಡಿನ ನೀಲಿ ಸಾಲಿಗೆ ಬಂದು, ಆರ್ಡುಯಿನೋದ ಗ್ರೌಂಡನ್ನು (ಅದು ಸೊನ್ನೆ ವೋಲ್ಟ್ ಎಂದು ಎಣಿಸುವ ತುದಿಯನ್ನು) ಜೊತೆಗೆ ಸೇರಿಸಿಕೊಂಡು, ಅಲ್ಲಿಂದ ಒಂದೇ ಒಂದು ತೆಳ್ಳನೆಯ ಜಂಪರ್ ವೈರಿನಲ್ಲಿ ಬ್ಯಾಟರಿಗೆ ಮರಳುತ್ತಿತ್ತು. ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಆರ್ಡುಯಿನೋದ ಗ್ರೌಂಡ್ ಪಿನ್ನಿಗೂ ಇಟ್ಟು ಪಂಪು ಓಡಿಸಲು ಹೇಳಿದೆ. ಮೀಟರ್ 84 ಮಿಲಿವೋಲ್ಟ್ ತೋರಿಸಿತು. ಹುಡುಗ ಕೂಡಲೇ ಆಕ್ಷೇಪಿಸಿದ: "ಎರಡೂ ಗ್ರೌಂಡೇ ಅಲ್ರೀ ಸರ್, ಬೀಪ್ ಬೇಕಾದ್ರ ನೋಡ್ರಿ."

ಎರಡು ತುದಿಗಳ ನಡುವೆ ದಾರಿ ಇದೆಯೇ ಎಂದು ನೋಡುವಾಗ ಮೀಟರ್ ಹಾಕುವ ಈ ಬೀಪಿನ ಹತ್ತಿರವೇ ನನ್ನ ತಾಳ್ಮೆ ಕೆಡುವುದು. ಬಹಳಷ್ಟು ಮೀಟರುಗಳು ಹತ್ತಾರು ಓಮ್ ತಡೆ ಇದ್ದರೂ ಬೀಪ್ ಎನ್ನುತ್ತವೆ, ಆದ್ದರಿಂದ ಬೀಪ್ ಬಂದರೆ ದಾರಿ ಇದೆ ಎಂದಷ್ಟೇ ಅರ್ಥ, ಆ ದಾರಿಯ ಎರಡು ತುದಿಗಳೂ ಸಮವಾಗಿವೆ ಎಂದಲ್ಲ. ಪಂಪು ಎಳೆಯುತ್ತಿದ್ದುದು ಸುಮಾರು 2.1 ಆಂಪಿಯರ್. ಜಂಪರಿನ ತಡೆ, ಅದರ ಎರಡೂ ತುದಿಯ ಸಡಿಲ ಹಿಡಿತ ಸೇರಿ 0.04 ಓಮ್ ಎಂದಿಟ್ಟುಕೊಂಡರೆ, ಗುಣಿಸಿದಾಗ ಸಿಗುವುದು ಅದೇ 84 ಮಿಲಿವೋಲ್ಟ್. ಪಂಪು ಓಡುತ್ತಿರುವಷ್ಟು ಹೊತ್ತು ಆರ್ಡುಯಿನೋ ನಿಂತಿರುವ ನೆಲವೇ ಬ್ಯಾಟರಿಗಿಂತ ಅಷ್ಟು ಮೇಲೆದ್ದಿರುತ್ತದೆ, ಸೆನ್ಸರ್ ಮಾತ್ರ ಹಳೆಯ ನೆಲದ ಮೇಲೇ ನಿಂತಿರುತ್ತದೆ. ಊನೋ ಸೆನ್ಸರಿನ ವೋಲ್ಟೇಜನ್ನು ತನ್ನ ನೆಲದಿಂದಲೇ ಅಳೆಯುತ್ತದೆ, ಆದ್ದರಿಂದ ನೆಲ ಎದ್ದಷ್ಟು ಅಂಕ ಇಳಿಯುತ್ತದೆ. ಅದು 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಒಡೆಯುವುದರಿಂದ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್, ಅಂದರೆ 84 ಮಿಲಿವೋಲ್ಟಿಗೆ 17 ಅಂಕ. 508 ಇದ್ದದ್ದು 491 ಆಗುತ್ತದೆ, ಮಣ್ಣು ಹಸಿಯಾಯಿತೆಂದು ಪಂಪು ನಿಲ್ಲುತ್ತದೆ, ಪಂಪು ನಿಂತೊಡನೆ ಮತ್ತೆ 508. ರಿಲೇ ಬಡಿದುಕೊಳ್ಳುತ್ತಿದ್ದುದು ಪ್ರೋಗ್ರಾಮು ಹೇಳಿದ್ದನ್ನು ಪ್ರಾಮಾಣಿಕವಾಗಿ ಮಾಡಿದ್ದಕ್ಕೆ.

ನಮ್ಮ ಹಳೆಯ ವಾಡೆಗಳಲ್ಲಿ ಎರಡು ಬಚ್ಚಲಿಗೆ ಒಂದೇ ಮೋರಿ ಇರುತ್ತಿತ್ತು. ಆ ಕಡೆಯ ಮನೆಯವರು ಹಂಡೆ ನೀರು ಒಮ್ಮೆಲೇ ಸುರಿದರೆ ಈ ಕಡೆಯ ಬಚ್ಚಲಿನಲ್ಲಿ ನೀರು ಮೇಲೇರುತ್ತಿತ್ತು. ಬಚ್ಚಲು ಎರಡು, ಗೋಡೆಯೂ ನಡುವೆ ಇದೆ, ಆದರೆ ನೀರಿಗೆ ಹೋಗಲು ದಾರಿ ಒಂದೇ. ಕಪ್ಪು ವೈರು ಅಂಥ ಮೋರಿ. ಪ್ಲಸ್ಸಿನಿಂದ ಹೊರಟ ಪ್ರತಿಯೊಂದು ಆಂಪಿಯರೂ ಅದರಲ್ಲಿ ಮರಳಲೇಬೇಕು, ಹೆಸರು ಗ್ರೌಂಡ್ ಎಂದಿದ್ದ ಮಾತ್ರಕ್ಕೆ ಅದರ ತಡೆ ಮಾಯವಾಗುವುದಿಲ್ಲ. ಪಿಸಿಬಿ, ಅಂದರೆ ವೈರಿನ ಬದಲು ತಾಮ್ರದ ಗೆರೆಗಳಿರುವ ಬೋರ್ಡು ಮಾಡಿಸುವವರಿಗೂ ಇದೇ ಮಾತು: ಸಾಮಾನ್ಯ ಬೋರ್ಡಿನ 35 ಮೈಕ್ರಾನ್ ತಾಮ್ರದಲ್ಲಿ 1 ಮಿಲಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಗೆರೆಗೆ ಸುಮಾರು 50 ಮಿಲಿ ಓಮ್ ತಡೆ ಇರುತ್ತದೆ.

ಪಂಪಿನ ಕಪ್ಪು ವೈರನ್ನು ಬ್ರೆಡ್‌ಬೋರ್ಡಿನಿಂದ ಕಿತ್ತು, ದಪ್ಪ ವೈರಿನಲ್ಲಿ ನೇರ ಬ್ಯಾಟರಿಯ ತುದಿಗೆ ಕೊಟ್ಟೆ. ರಿಲೇ ಒಮ್ಮೆ ಟಕ್ ಎಂದು ಸುಮ್ಮನಾಯಿತು. ಅಂಕ ಇನ್ನೂ ಒಂದಷ್ಟು ಅಲುಗುತ್ತಿತ್ತು, ಏಕೆಂದರೆ 5 ವೋಲ್ಟಿನ ರಿಲೇಯ ಸುರುಳಿಯೇ ಸುಮಾರು 70 ಮಿಲಿ ಆಂಪಿಯರ್ ಎಳೆಯುತ್ತದೆ ಮತ್ತು ಅದು ಇನ್ನೂ ಆ ಜಂಪರಿನಲ್ಲೇ ಮರಳುತ್ತಿತ್ತು. ಅದು ಒಂದು ಮೆಟ್ಟಿಲಿಗಿಂತ ಕಡಿಮೆ, ಬಿಟ್ಟುಬಿಡಬಹುದು. ಆದರೂ 500ಕ್ಕೆ ಚಾಲೂ, 470ಕ್ಕೆ ಬಂದ್ ಎಂದು ನಡುವೆ ಅಂತರ ಇಡಲು ಹೇಳಿ ಕಳಿಸಿದೆ. ಅದನ್ನು ಮೊದಲೇ ಮಾಡಿದ್ದರೆ ಬಡಿತ ನಿಂತು, ಮೂಲದ ತಪ್ಪು ಒಳಗೇ ಉಳಿದುಬಿಡುತ್ತಿತ್ತು.

ಎಲ್ಲ ತೊಂದರೆಯೂ ಇಷ್ಟು ಸರಳವಲ್ಲ ಎಂಬುದನ್ನೂ ಹೇಳಿಬಿಡಬೇಕು. ಮೀಟರ್ ತೋರಿಸುವುದು ಸರಾಸರಿಯನ್ನು, ಮೈಕ್ರೋಸೆಕೆಂಡಿನ ನೆಗೆತವನ್ನಲ್ಲ. 20 ಸೆಂಟಿಮೀಟರ್ ವೈರಿಗೆ ಅಂದಾಜು 200 ನ್ಯಾನೋ ಹೆನ್ರಿ ಇಂಡಕ್ಟನ್ಸ್, ಅಂದರೆ ಕರೆಂಟಿನ ದಿಢೀರ್ ಬದಲಾವಣೆಗೆ ಅಡ್ಡ ಬರುವ ಗುಣ ಇರುತ್ತದೆ. ಅದರಲ್ಲಿ 1 ಆಂಪಿಯರ್ 100 ನ್ಯಾನೋಸೆಕೆಂಡಿನಲ್ಲಿ ಏರಿದರೆ ಆ ಕ್ಷಣಕ್ಕೆ 2 ವೋಲ್ಟ್ ಹುಟ್ಟುತ್ತದೆ. ಆರ್ಡುಯಿನೋ ಸುಮ್ಮನೆ ರೀಸೆಟ್ ಆಗುವುದು, ಎಲ್‌ಸಿಡಿಯಲ್ಲಿ ಚಿತ್ರವಿಚಿತ್ರ ಅಕ್ಷರ ಮೂಡುವುದು ಹೆಚ್ಚಾಗಿ ಇಂಥದ್ದರಿಂದ. ಅಲ್ಲಿ ಮೋಟರಿನ ತುದಿಗಳಿಗೆ 100 ನ್ಯಾನೋ ಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಒಂದೇ ದಿಕ್ಕಿಗೆ ಓಡುವ ಮೋಟರಿಗೆ ಅಡ್ಡಲಾಗಿ ತಿರುಗಿಸಿ ಹಾಕಿದ ಡಯೋಡ್ ಬೇಕಾಗಬಹುದು. ಗಾಳಿಯಲ್ಲಿ ಹಬ್ಬುವ ಗದ್ದಲವಿದೆಯೇ ಎಂದು ತಿಳಿಯಲು ನಾನು ಇಂದಿಗೂ ಹಳೆಯ ಮೀಡಿಯಂ ವೇವ್ ರೇಡಿಯೋ ಬಳಸುತ್ತೇನೆ. ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ ಬೋರ್ಡಿನ ಮೇಲೆ ಆಡಿಸಿದರೆ ಎಲ್ಲಿ ಕರಕರ ಜೋರಾಗುತ್ತದೋ ಗದ್ದಲದ ಮೂಲ ಅದರ ಆಸುಪಾಸಿನಲ್ಲಿರುತ್ತದೆ.

ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸಿ ಎರಡು ಕಡೆಯ ಸರ್ಕೀಟನ್ನು ಬೇರೆಯಾಗಿಡುವ ಬಿಡಿಭಾಗ) ಇರುವ ರಿಲೇ ಮಾಡ್ಯೂಲ್ ಕೊಂಡೆ, ಇನ್ನೇನು ಭಯ ಎನ್ನುವವರು ಅದರ ಮೇಲೆ ಜೆಡಿ-ವಿಸಿಸಿ ಎಂದು ಬರೆದಿರುವ ಕಡೆ ಎರಡು ಪಿನ್ನುಗಳನ್ನು ಕೂಡಿಸುವ ಟೊಪ್ಪಿಗೆಯಂಥ ಪುಟ್ಟ ಜಂಪರನ್ನು ನೋಡಿರುವುದಿಲ್ಲ. ಅದು ಹಾಗೇ ಇದ್ದರೆ ರಿಲೇಯ ಸುರುಳಿಯೂ ಆರ್ಡುಯಿನೋವೂ ಒಂದೇ ಸಪ್ಲೈಯಲ್ಲಿರುತ್ತವೆ. ಅದನ್ನು ತೆಗೆದು, ಸುರುಳಿಗೆ ಬೇರೆ ಸಪ್ಲೈ ಕೊಟ್ಟು, ಆಮೇಲೆ ಎರಡು ಸಪ್ಲೈಗಳ ಕಪ್ಪು ವೈರುಗಳನ್ನು "ಇರಲಿ" ಎಂದು ಸೇರಿಸಿದವರೂ ಇದ್ದಾರೆ! ಇನ್ನು, ಈವರೆಗೆ ಹೇಳಿದ್ದೆಲ್ಲ ಬ್ಯಾಟರಿಯ ಸಣ್ಣ ವೋಲ್ಟೇಜಿಗೆ ಮಾತ್ರ. 230 ವೋಲ್ಟಿನ ಅರ್ಥಿಂಗ್ ವೈರನ್ನು ಗದ್ದಲ ಕಡಿಮೆಯಾಗಲೆಂದು ಯಾರೂ ಬಿಚ್ಚಬಾರದು.

ಈ ತಿಂಗಳು ನನ್ನ ಬಳಿ ಬರುವವರು ಪುಸ್ತಕದ ಸರ್ಕೀಟ್ ಚಿತ್ರವನ್ನು ತರಬೇಡಿ, ಅದರಲ್ಲಿ ಗ್ರೌಂಡ್ ಎಂಬುದು ಹತ್ತು ಕಡೆ ಮೂರು ಅಡ್ಡಗೆರೆಯಾಗಿ ಕೂತಿರುತ್ತದೆ. ನಿಮ್ಮ ಬೋರ್ಡಿನ ಮುಂದೆ ಕೂತು, ಪ್ರತಿಯೊಂದು ಕಪ್ಪು ವೈರು ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಬನ್ನಿ. ಆಳಂದದ ಇಬ್ಬರು ಹಾಗೆ ಬರೆಯುತ್ತ ಕೂತವರು ಅರ್ಧಕ್ಕೇ ಫೋನ್ ಮಾಡಿ, ಬರುವ ಅಗತ್ಯವಿಲ್ಲವೆಂದು ತಿಳಿಸಿದರು.