ಅಯೋಡಿನ್-125 ಸೇರಿಸಿದ ಕಾಲರಾ ಟಾಕ್ಸಿನ್: ಕೌಂಟ್ ನಂಬುವ ಮೊದಲು ನೋಡಬೇಕಾದ್ದು

ಕಾಲರಾ ಬ್ಯಾಕ್ಟೀರಿಯಾದ ವಿಷ ಪ್ರೋಟೀನೇ ಕಾಲರಾ ಟಾಕ್ಸಿನ್. ಅದು ಎಲ್ಲಿ ಎಷ್ಟು ಅಂಟಿತು ಎಂದು ಅಳೆಯಲು ವಿಕಿರಣ ಸೂಸುವ ಅಯೋಡಿನ್-125 ಅನ್ನು ಗುರುತಾಗಿ, ಅಂದರೆ ಲೇಬಲ್ ಆಗಿ, ಸೇರಿಸುತ್ತಾರೆ. ಆದರೆ ಆ ವಿಕಿರಣವನ್ನು ಎಣಿಸುವ ಗಾಮಾ ಕೌಂಟರ್ ಹೇಳುವುದು ಟ್ಯೂಬಿನಲ್ಲಿ ಅಯೋಡಿನ್ ಎಷ್ಟಿದೆ ಅಂತ ಮಾತ್ರ. ಆ ಅಯೋಡಿನ್ ಟಾಕ್ಸಿನ್ ಮೇಲೆ ಕೂತಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ಕೂತಿದ್ದರೂ, ಆ ಟಾಕ್ಸಿನ್ ಇನ್ನೂ ರಿಸೆಪ್ಟರಿಗೆ (ಜೀವಕೋಶದ ಮೇಲೆ ಅದು ಹಿಡಿಯುವ ಅಣುವಿಗೆ) ಅಂಟುತ್ತದೆಯೋ ಎನ್ನುವುದಂತೂ ಬೇರೆಯೇ ಪ್ರಶ್ನೆ. ಬೈಂಡಿಂಗ್, ಅಂದರೆ ಹೀಗೆ ಅಂಟುವುದರ, ಪಾಠ ಓದುವಾಗ ನಾವೆಲ್ಲ ಗ್ರಾಫಿನ ಕಡೆಗೇ ಜಾಸ್ತಿ ಗಮನ ಕೊಡುತ್ತೇವೆ, ಅಲ್ವಾ? ಆದರೆ ಗ್ರಾಫ್ ಸರಿಯೋ ತಪ್ಪೋ ಅನ್ನುವುದು ಬಹುಮಟ್ಟಿಗೆ ಅದಕ್ಕೂ ಮೊದಲೇ, ಲೇಬಲ್ ತಯಾರಿಸಿ ಪರೀಕ್ಷಿಸುವಾಗಲೇ ತೀರ್ಮಾನವಾಗಿರುತ್ತದೆ. ಈ ಟಿಪ್ಪಣಿ ಆ ಭಾಗದ ಬಗ್ಗೆ. ಉದಾಹರಣೆಗೆ ಕಾಲರಾ ಟಾಕ್ಸಿನ್ ತೆಗೆದುಕೊಳ್ಳೋಣ.

ಈ ಟಾಕ್ಸಿನ್ ಇದೆ ಎಂದು ಪ್ರಯೋಗದಲ್ಲಿ ತೋರಿಸಿದವರು ಕಲ್ಕತ್ತಾದ ಶಂಭುನಾಥ್ ಡೇ. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಜೀವಕೋಶವಿಲ್ಲದ ಆ ದ್ರವವನ್ನೇ ಮೊಲದ ಕರುಳಿನ ಕಟ್ಟಿದ ತುಂಡಿನೊಳಗೆ ಹಾಕಿದರೂ ನೀರು ತುಂಬಿಕೊಳ್ಳುತ್ತದೆ ಎಂದು 1959ರಲ್ಲಿ ಅವರು ಪ್ರಕಟಿಸಿದರು. ಹತ್ತು ವರ್ಷದ ನಂತರ ಫಿಂಕೆಲ್‌ಸ್ಟೈನ್ ಮತ್ತು ಲೋಸ್ಪಲೂಟೊ ಟಾಕ್ಸಿನ್ನನ್ನು ಶುದ್ಧ ರೂಪದಲ್ಲಿ ಪಡೆದರು. 1973ರಲ್ಲಿ ಕ್ವಾಟ್ರೆಕಾಸಸ್ ಅಯೋಡಿನ್-125 ಸೇರಿಸಿದ ಟಾಕ್ಸಿನ್ ಬಳಸಿ, ಅದು ಜೀವಕೋಶದ ಹೊರಪೊರೆಯಲ್ಲಿರುವ ಜಿಎಂ1 ಎಂಬ ಗ್ಯಾಂಗ್ಲಿಯೋಸೈಡಿಗೆ (ಸಕ್ಕರೆ ಸೇರಿದ ಕೊಬ್ಬಿನ ಅಣುವಿಗೆ) ಹೇಗೆ ಅಂಟುತ್ತದೆ ಎಂದು ಅಳೆದರು.

ರಚನೆ ನೆನಪಿರಲಿ. ಒಂದು ಎ ಘಟಕ, ಐದು ಬಿ ಘಟಕ, ಒಟ್ಟು ತೂಕ ಸುಮಾರು 84 ಕಿಲೋಡಾಲ್ಟನ್. ವಿಷದ ಕೆಲಸ ಎ ಘಟಕದ್ದು. ಅಂಟುವ ಕೆಲಸ ಬಿ ಘಟಕಗಳ ಉಂಗುರದ್ದು.

ಅಯೋಡಿನ್ ಸಾಮಾನ್ಯವಾಗಿ ಹೋಗಿ ಕೂರುವುದು ಪ್ರೋಟೀನಿನ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ. ಹಳೆಯ, ಜನಪ್ರಿಯ ವಿಧಾನ ಕ್ಲೋರಮಿನ್-ಟಿ. ಕೆಲಸ ಬೇಗ ಆಗುತ್ತದೆ, ಆದರೆ ಅದು ಒಂದು ಆಕ್ಸಿಡೈಸರ್. ಟ್ರಿಪ್ಟೋಫಾನ್ ಮತ್ತು ಮೆಥಿಯೋನಿನ್ ಎಂಬ ಬೇರೆ ಅಮೈನೋ ಆಮ್ಲಗಳನ್ನೂ ಕೆಡಿಸಬಲ್ಲದು. ಕಾಲರಾ ಟಾಕ್ಸಿನ್ನಿನಲ್ಲಿ ಇದು ಸಣ್ಣ ವಿಷಯವಲ್ಲ. ಬಿ ಘಟಕದ 88ನೇ ಸ್ಥಾನದ ಟ್ರಿಪ್ಟೋಫಾನ್ ಜಿಎಂ1 ಕೂರುವ ಜಾಗದಲ್ಲೇ ಇದೆ. 12ನೇ ಟೈರೋಸಿನ್ ಕೂಡ ಅಲ್ಲೇ ಹತ್ತಿರ. ಅಂದರೆ ಲೇಬಲ್ ಸೇರಿಸುವ ಕ್ರಿಯೆಯೇ ಅಂಟುವ ಜಾಗವನ್ನು ಹಾಳು ಮಾಡಬಹುದು. ಹಾಗಾಗಿ ಕ್ರಿಯೆಯನ್ನು ಚುಟುಕಾಗಿ ಮುಗಿಸುತ್ತಾರೆ. ಇಲ್ಲವೇ ಲ್ಯಾಕ್ಟೋಪೆರಾಕ್ಸಿಡೇಸ್‌ನಂಥ ಮೃದು ವಿಧಾನಕ್ಕೆ ಹೋಗುತ್ತಾರೆ. ಲೈಸಿನ್ ಮೇಲೆ ಕೂರುವ ಬೋಲ್ಟನ್-ಹಂಟರ್ ರೀಏಜೆಂಟ್ ಕೂಡ ಇದೆ. ಅದರಲ್ಲಿ ಪ್ರೋಟೀನ್ ನೇರವಾಗಿ ಆಕ್ಸಿಡೈಸರ್‌ಗೆ ಸಿಗುವುದೇ ಇಲ್ಲ.

ಒಂದು ಎಚ್ಚರಿಕೆ. ಅಯೋಡಿನ್-125 ಥೈರಾಯ್ಡಿನಲ್ಲಿ ಸೇರಿಕೊಳ್ಳುತ್ತದೆ. ಆಮ್ಲ ತಗುಲಿದರೆ ಆವಿಯಾಗಿ ಗಾಳಿಗೆ ಬರಬಹುದು. ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಸುಮ್ನೆ ಒಂದು ಮೂಲೆ ಬೆಂಚಿನಲ್ಲಿ ಮಾಡುವ ಕೆಲಸ ಇದಲ್ಲ.

ಕ್ರಿಯೆ ಮುಗಿದ ಮೇಲೆ ಉಳಿದ ಅಯೋಡೈಡನ್ನು ಬೇರ್ಪಡಿಸಬೇಕು. ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಸೆಫಡೆಕ್ಸ್ ಜಿ-25 ಕಾಲಂ ಸಾಕು. ಟಾಕ್ಸಿನ್ ಮೊದಲು ಹೊರಬರುತ್ತದೆ, ಅಯೋಡೈಡ್ ಹಿಂದೆ ಉಳಿಯುತ್ತದೆ. ಕೈಯಲ್ಲಿರುವ ಟಾಕ್ಸಿನ್ ಮೈಕ್ರೋಗ್ರಾಂ ಲೆಕ್ಕದ್ದು, ಕಾಲಂಗೂ ಟ್ಯೂಬಿಗೂ ಅಂಟಿಯೇ ಕಳೆದುಹೋಗುತ್ತದೆ. ಆದ್ದರಿಂದ ಬಫರಿಗೆ ಸ್ವಲ್ಪ ಆಲ್ಬುಮಿನ್ ಸೇರಿಸುತ್ತಾರೆ. ಕಾಲಂ ಆರಿಸುವಾಗ ಸಕ್ಕರೆಯ ವಿಷಯ ಮರೆಯಬಾರದು. ಕಾಲರಾ ಟಾಕ್ಸಿನ್ನಿನ ಹತ್ತಿರದ ಸಂಬಂಧಿ, ಇ. ಕೋಲೈಯ ಎಲ್‌ಟಿ ಟಾಕ್ಸಿನ್, ಕಾಲಂಗಳಲ್ಲಿ ಬಳಸುವ ಅಗರೋಸ್‌ನಲ್ಲಿರುವ ಗ್ಯಾಲಕ್ಟೋಸ್ ಎಂಬ ಸಕ್ಕರೆಗೇ ಅಂಟಿಕೊಳ್ಳುತ್ತದೆ. ಅದನ್ನು ಶುದ್ಧೀಕರಿಸಲು ಈ ಗುಣವನ್ನೇ ಬಳಸುತ್ತಾರೆ. ಆದರೆ ಅಗರೋಸ್ ಕಾಲಂನಿಂದ ಗಾತ್ರದ ಪ್ರಕಾರ ಬೇರ್ಪಡಿಸಲು ಹೊರಟರೆ ಅದೇ ಗುಣ ದಾರಿ ತಪ್ಪಿಸುತ್ತದೆ.

ಈಗ ಪರೀಕ್ಷೆಗಳು. ಟ್ರೈಕ್ಲೋರೋಅಸೆಟಿಕ್ ಆಮ್ಲ ಹಾಕಿದಾಗ ಪ್ರೋಟೀನ್ ಕೆಳಗಿಳಿಯುತ್ತದೆ. ಕೌಂಟ್ ಬಹುಪಾಲು ಅದರ ಜೊತೆ ಇಳಿದರೆ ಬಿಡಿ ಅಯೋಡೈಡ್ ಹೆಚ್ಚಿಲ್ಲ ಎಂದರ್ಥ. ಆಮೇಲೆ ಎಸ್‌ಡಿಎಸ್ ಜೆಲ್ (ಪ್ರೋಟೀನ್ ಘಟಕಗಳನ್ನು ಬಿಡಿಸಿ ಗಾತ್ರದ ಪ್ರಕಾರ ಬೇರ್ಪಡಿಸುವ ವಿಧಾನ) ಓಡಿಸಿ ಫಿಲ್ಮ್ ಮೇಲೆ ನೋಡಬೇಕು, ಲೇಬಲ್ ಯಾವ ಘಟಕದ ಮೇಲಿದೆ ಅಂತ. ಸ್ಯಾಂಪಲ್ ಕುದಿಸದಿದ್ದರೆ ಬಿ ಘಟಕಗಳ ಉಂಗುರ ಎಸ್‌ಡಿಎಸ್‌ನಲ್ಲೂ ಬಿಡಿಸಿಕೊಳ್ಳದೆ ಒಂದೇ ಪಟ್ಟಿಯಾಗಿ ಕಾಣುತ್ತದೆ. ಕುದಿಸಿದರೆ 11.6 ಕಿಲೋಡಾಲ್ಟನ್ನಿನ ಬಿಡಿ ಘಟಕ. ಎರಡನ್ನೂ ಪಕ್ಕಪಕ್ಕ ಓಡಿಸಿದರೆ ಉಂಗುರ ಗಟ್ಟಿಯಾಗಿದೆಯೇ ಎಂದು ಒಂದೇ ಜೆಲ್ಲಿನಲ್ಲಿ ಗೊತ್ತಾಗುತ್ತದೆ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು.

ಸ್ಪೆಸಿಫಿಕ್ ಆಕ್ಟಿವಿಟಿಯನ್ನು, ಅಂದರೆ ಇಷ್ಟು ಟಾಕ್ಸಿನ್ನಿಗೆ ಎಷ್ಟು ವಿಕಿರಣ ಎಂಬುದನ್ನು, ಒಮ್ಮೆ ಕೈಯಾರೆ ಲೆಕ್ಕ ಮಾಡಿ. ಅಯೋಡಿನ್-125ರ ಗರಿಷ್ಠ ಮಟ್ಟ ಪ್ರತಿ ಮಿಲಿಮೋಲ್‌ಗೆ ಸುಮಾರು 2200 ಕ್ಯೂರಿ. ಒಂದು ಟಾಕ್ಸಿನ್ನಿಗೆ ಒಂದು ಅಯೋಡಿನ್ ಎಂದುಕೊಂಡರೆ, ಒಂದು ಮಿಲಿಮೋಲ್ ಟಾಕ್ಸಿನ್ ಅಂದರೆ 84 ಗ್ರಾಂ. ಭಾಗಿಸಿದರೆ ಮೈಕ್ರೋಗ್ರಾಂಗೆ ಸುಮಾರು 26 ಮೈಕ್ರೋಕ್ಯೂರಿ. ನಿಮ್ಮ ಲೇಬಲ್ ಇದರ ಮೂರು ನಾಲ್ಕು ಪಟ್ಟು ಬಂದರೆ, ಒಂದೊಂದು ಅಣುವಿನ ಮೇಲೂ ಸರಾಸರಿ ಅಷ್ಟು ಅಯೋಡಿನ್ ಕೂತಿದೆ. ಕೌಂಟ್ ಜಾಸ್ತಿ ಸಿಗುತ್ತದೆ ನಿಜ, ಅಂಟುವ ಜಾಗ ಕೆಡುವ ಸಾಧ್ಯತೆಯೂ ಅಷ್ಟೇ ಏರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅಂಟಬಲ್ಲ ಪಾಲು. ಲೇಬಲನ್ನು ಅಷ್ಟೇ ಇಟ್ಟು, ಜಿಎಂ1 ಇರುವ ಪೊರೆಯನ್ನು ಹೆಚ್ಚಿಸುತ್ತಾ ಹೋಗಿ. ರಿಸೆಪ್ಟರ್ ಎಷ್ಟು ಸುರಿದರೂ ಕೌಂಟಿನ ಶೇ. 60 ಮಾತ್ರ ಅಂಟಿತು ಎನ್ನೋಣ. ಉಳಿದ ಶೇ. 40 ಸತ್ತ ಲೇಬಲ್. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಸತ್ತ ಕೌಂಟೆಲ್ಲ ಬಿಡಿ ಟಾಕ್ಸಿನ್ ಎಂದೇ ಗಣನೆಯಾಗುತ್ತದೆ. ಬೈಂಡ್ ಆದದ್ದು ಕಡಿಮೆ ಇರುವಾಗ ಕೆಡಿ (ಹಿಡಿತದ ಅಳತೆ, ದೊಡ್ಡದಾದಷ್ಟೂ ಹಿಡಿತ ಸಡಿಲ) ಸುಮಾರು 1.7 ಪಟ್ಟು ದೊಡ್ಡದಾಗಿ ಕಾಣುತ್ತದೆ. ಟಾಕ್ಸಿನ್ ನಿಜಕ್ಕಿಂತ ದುರ್ಬಲವಾಗಿ ಅಂಟುತ್ತದೆ ಎಂದು ನಾವು ಬರೆದುಬಿಡುತ್ತೇವೆ.

ಕೆಡಿ ಬಗ್ಗೆ ಇನ್ನೊಂದು ಮಾತು. ಉಂಗುರದಲ್ಲಿ ಐದು ಅಂಟುವ ಜಾಗ ಇರುವುದರಿಂದ ಒಂದು ಟಾಕ್ಸಿನ್ ಹಲವು ಜಿಎಂ1ಗಳನ್ನು ಒಟ್ಟಿಗೆ ಹಿಡಿಯಬಲ್ಲದು. ಜೀವಕೋಶದ ಮೇಲೆ ಸಿಗುವ ಸಂಖ್ಯೆ ಆ ಒಟ್ಟು ಹಿಡಿತದ್ದು, ಒಂದು ಜಾಗದ್ದಲ್ಲ. ಇನ್ನು ಬೈಂಡಿಂಗ್ ಚೆನ್ನಾಗಿದ್ದ ಮಾತ್ರಕ್ಕೆ ಟಾಕ್ಸಿನ್ ಪೂರ್ತಿ ಇದೆ ಎನ್ನಲೂ ಆಗದು. ಎ ಘಟಕ ಇಲ್ಲದ ಬರೀ ಉಂಗುರವೂ ಚೆನ್ನಾಗಿಯೇ ಅಂಟುತ್ತದೆ. ವಿಷದ ಗುಣ ಉಳಿದಿದೆಯೇ ಎಂದು ತಿಳಿಯಲು ಜೀವಕೋಶದ ಪರೀಕ್ಷೆ ಬೇರೆಯಾಗಿ ಬೇಕು.

ಅಯೋಡಿನ್-125ರ ಅರ್ಧಾಯುಷ್ಯ ಸುಮಾರು 59 ದಿನ. 30 ದಿನದ ನಂತರ ಶೇ. 70ರಷ್ಟು ಕೌಂಟ್ ಉಳಿದಿರುತ್ತದೆ, ಅದನ್ನು ಲೆಕ್ಕದಲ್ಲಿ ಸರಿಪಡಿಸಬಹುದು. ಆದರೆ ಫ್ರಿಜ್ಜಿನಲ್ಲಿಟ್ಟ ಲೇಬಲಿನಿಂದ ಅಯೋಡೈಡ್ ಕಳಚಿಕೊಳ್ಳುವುದನ್ನೂ ಪ್ರೋಟೀನ್ ಕೆಡುವುದನ್ನೂ ಆ ಸೂತ್ರ ಹಿಡಿಯದು. ಹಾಗಾಗಿ ಹಳೆಯ ಬ್ಯಾಚ್ ತೆಗೆದಾಗಲೆಲ್ಲ ಆಮ್ಲದ ಪರೀಕ್ಷೆ ಮತ್ತು ಅಂಟಬಲ್ಲ ಪಾಲಿನ ಪರೀಕ್ಷೆ, ಎರಡನ್ನೂ ಮತ್ತೆ ಮಾಡಿ.