ಎರಡನೇ ರಾತ್ರಿ ಮಗು ಅಳುವಾಗ ಪೋಸ್ಟರ್ ಏನು ಹೇಳುತ್ತೆ?

ಹೆರಿಗೆ ವಾರ್ಡಿನ ಗೋಡೆ ನೋಡಿ. ನಗುನಗುತ್ತಾ ಮಗುವಿಗೆ ಹಾಲೂಡಿಸುವ ತಾಯಿಯ ಚಿತ್ರ, ಕೆಳಗೆ 'ತಾಯಿಯ ಹಾಲು ಅಮೃತ' ಅನ್ನೋ ಸಾಲು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ಬರೀ ಎದೆಹಾಲು. ಆಗಸ್ಟ್ ಮೊದಲ ವಾರ ಬಂತೆಂದರೆ ಎಲ್ಲ ಕಡೆ ಇದೇ ಮಾತು. ಮಾತು ನಿಜವೇ. ಆದರೆ ಸಿಸೇರಿಯನ್ ಆದ ಎರಡನೇ ರಾತ್ರಿ ಹೊಲಿಗೆ ನೋವಿಗೆ ಮಗ್ಗುಲು ತಿರುಗೋಕೂ ಆಗದೆ ಮಲಗಿರೋ ಬಾಣಂತಿಗೆ, ಪಕ್ಕದಲ್ಲಿ ಮಗು ಒಂದೇ ಸಮ ಅಳುತ್ತಿರುವಾಗ, ಆ ಪೋಸ್ಟರಿನಿಂದ ಏನು ಸಿಗುತ್ತೆ? ಒಳ್ಳೆ ತಾಯಿಗೆ ಹಾಲು ಬರುತ್ತೆ, ನನಗೆ ಬರ್ತಿಲ್ಲ ಅನ್ನೋ ಸಂಕಟ ಮಾತ್ರ.

ಪ್ರಚಾರ ಇಷ್ಟು ಗಟ್ಟಿ ದನಿಯಲ್ಲಿ ಮಾತಾಡೋದಕ್ಕೆ ಕಾರಣ ಇದೆ. 1970ರ ದಶಕದಲ್ಲಿ ಹಾಲಿನ ಪುಡಿ ಕಂಪನಿಗಳು ನರ್ಸ್ ಉಡುಪು ತೊಟ್ಟ ಮಾರಾಟಗಾರ್ತಿಯರನ್ನು ಬಡ ದೇಶಗಳ ಆಸ್ಪತ್ರೆಗಳಿಗೆ ಕಳಿಸುತ್ತಿದ್ದವು. ಮೊದಲ ಡಬ್ಬಿ ಪುಕ್ಕಟೆ. ಅದು ಮುಗಿಯೋ ಹೊತ್ತಿಗೆ ತಾಯಿಯ ಎದೆಹಾಲು ಬತ್ತುತ್ತಾ ಬಂದಿರುತ್ತಿತ್ತು. ಆಮೇಲೆ ದುಡ್ಡು ಸಾಲದೆ ಪುಡಿಗೆ ನೀರು ಜಾಸ್ತಿ ಬೆರೆಸೋದು, ಆ ನೀರೂ ಶುದ್ಧ ಇರದೆ ಮಗುವಿಗೆ ಭೇದಿ ಹತ್ತೋದು. 1974ರಲ್ಲಿ ಬ್ರಿಟನ್ನಿನ 'ವಾರ್ ಆನ್ ವಾಂಟ್' ಸಂಸ್ಥೆ ಇದನ್ನು ಬಯಲಿಗೆಳೆಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯಮಾವಳಿ ಬಂತು, 1992ರಲ್ಲಿ ನಮ್ಮ ದೇಶದ ಕಾನೂನು ಬಂತು. ಅಂದಿನಿಂದ ಇಲ್ಲಿ ಹಾಲಿನ ಪುಡಿಯನ್ನು ಜಾಹೀರಾತು ಕೊಟ್ಟು ಮಾರುವಂತಿಲ್ಲ, ಡಬ್ಬಿ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ಗುಂಡುಗುಂಡಗಿರೋ ಮಗುವನ್ನು ಇವತ್ತಿಗೂ 'ಅಮುಲ್ ಬೇಬಿ' ಅಂತೀವಲ್ವಾ, ಹಳೇ ಜಾಹೀರಾತುಗಳ ಹಿಡಿತ ಎಷ್ಟಿತ್ತು ಅನ್ನೋದು ಅದರಲ್ಲೇ ಗೊತ್ತಾಗುತ್ತೆ. ಈ ಕಾನೂನು ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ.

ನನ್ನ ತಕರಾರು ಬೇರೆ. ಕಂಪನಿಗೆ ಕೇಳಿಸಬೇಕಾದ ಗಟ್ಟಿ ದನಿ ಈಗ ಬಾಣಂತಿಯ ಕಿವಿಗೆ ಬೀಳುತ್ತಿದೆ. ಎದೆಹಾಲು ಕೊಡೋದು ಬರೀ ಪ್ರೀತಿ, ಮನಸ್ಸಿನ ವಿಷಯ ಅನ್ನೋ ಹಾಗೆ.

ಆ ಎರಡನೇ ರಾತ್ರಿ ದೇಹದಲ್ಲಿ ಏನಾಗ್ತಿರುತ್ತೆ ನೋಡಿ. ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನು ಇಳಿಯುತ್ತೆ, ಹಾಲು ತುಂಬಿ ಬರೋದು ಅದಾದ ಮೇಲೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಕ್ಕೆ. ಚೊಚ್ಚಲ ಹೆರಿಗೆ, ಸಿಸೇರಿಯನ್, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ತಡ ಆಗಬಹುದು. ಅಲ್ಲಿವರೆಗೆ ಬರೋದು ಗಿಣ್ಣಿನಂಥ ಹಳದಿ ಹಾಲು. ಮೊದಲ ದಿನ ಒಂದು ಸಲಕ್ಕೆ ಒಂದೆರಡು ಚಮಚದಷ್ಟು ಸಿಕ್ಕರೆ ಸಾಕು, ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯೋದೂ ಸಹಜ. ಇದನ್ನು ಯಾರೂ ಹೇಳದೇ ಇದ್ದಾಗ ಅಳು ಕೇಳಿದ ತಕ್ಷಣ ಅತ್ತೆ, ಚಿಕ್ಕಮ್ಮ, ಪಕ್ಕದ ಹಾಸಿಗೆಯವರು ಎಲ್ಲರ ಬಾಯಲ್ಲೂ ಒಂದೇ ಮಾತು: "ಹಾಲು ಸಾಲ್ತಿಲ್ಲ." ಡಬ್ಬಿ ಬರುತ್ತೆ. ಮಗು ಎದೆ ಚೀಪೋದು ಕಮ್ಮಿ ಆಗುತ್ತೆ. ಎದೆ ಖಾಲಿಯಾದಷ್ಟೂ ಹಾಲು ಊರೋದು, ಹಾಗಾಗಿ ಚೀಪೋದು ಕಮ್ಮಿ ಆದರೆ ಹಾಲೂ ಕಮ್ಮಿ ಆಗುತ್ತೆ, ಸಾಲ್ತಿಲ್ಲ ಅಂದ ಮಾತು ಹೀಗೆ ನಿಜವಾಗಿಬಿಡುತ್ತೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ದೇಶದಲ್ಲಿ ಶೇ. 88.6ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ. 41.8 ಮಕ್ಕಳಿಗೆ ಮಾತ್ರ. ಪೋಸ್ಟರ್ ಇರೋ ಗೋಡೆಯ ಪಕ್ಕದಲ್ಲೇ! ಆ ಒಂದು ಗಂಟೆ ಮಗು ಯಾರ ಕೈಯಲ್ಲಿತ್ತು, ಯಾವ ಕೋಣೆಯಲ್ಲಿತ್ತು ಅನ್ನೋದನ್ನ ತೀರ್ಮಾನಿಸಿದ್ದು ತಾಯಿಯಲ್ಲ.

ಬೇರೆ ದಾರಿ ಇದೆ ಅಂತ ಬೆಲಾರುಸ್ ದೇಶ ತೋರಿಸಿದೆ. 1990ರ ದಶಕದ ಕೊನೆಯಲ್ಲಿ ಅಲ್ಲಿನ 31 ಆಸ್ಪತ್ರೆಗಳ 17,046 ತಾಯಿ-ಮಕ್ಕಳ ಮೇಲೆ ಕೆನಡಾದ ಸಂಶೋಧಕ ಮೈಕೆಲ್ ಕ್ರೇಮರ್ ಅವರ ತಂಡ ದೊಡ್ಡ ಪ್ರಯೋಗ ಮಾಡಿತು. ಕೆಲವು ಆಸ್ಪತ್ರೆಗಳ ಸಿಬ್ಬಂದಿಗೆ ಹಾಲೂಡಿಸೋಕೆ ತಾಯಿಗೆ ನೆರವಾಗೋದು ಹೇಗೆ ಅಂತ ತರಬೇತಿ ಕೊಟ್ಟರು, ಉಳಿದವು ಇದ್ದ ಹಾಗೇ ಇದ್ದವು. ಮೂರು ತಿಂಗಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದ ಮಕ್ಕಳು ತರಬೇತಿ ಇದ್ದ ಕಡೆ ಶೇ. 43.3, ಇಲ್ಲದ ಕಡೆ ಶೇ. 6.4. ಹೊಟ್ಟೆಯ ಸೋಂಕು ತರಬೇತಿ ಇಲ್ಲದ ಕಡೆ ಶೇ. 13.2 ಮಕ್ಕಳಿಗೆ ಬಂದರೆ, ಇದ್ದ ಕಡೆ ಶೇ. 9.1 ಮಕ್ಕಳಿಗೆ. ಆದರೆ ಅದೇ ಮಕ್ಕಳು ಆರೂವರೆ ವರ್ಷದವರಾದಾಗ ಬೊಜ್ಜಿನಲ್ಲಿ, ಆಸ್ತಮಾದಲ್ಲಿ ವ್ಯತ್ಯಾಸ ಕಾಣಲಿಲ್ಲ. ಭೇದಿ ತಡೆಯುತ್ತೆ ಅನ್ನೋದು ಗಟ್ಟಿ ವಿಷಯ, ನೀರು ಕೆಟ್ಟಿರೋ ಊರಲ್ಲಂತೂ ಜೀವ ಉಳಿಸೋ ವಿಷಯ. ಅದರ ಜೊತೆಗೆ ಬೊಜ್ಜು, ಆಸ್ತಮಾ ಎಲ್ಲವನ್ನೂ ಅಷ್ಟೇ ಖಚಿತವಾಗಿ ಸೇರಿಸಿ ಹೇಳೋದು ಸರಿಯಲ್ಲ.

ಹೆದರಿಸಿ ನೋಡಿದ್ದೂ ಆಗಿದೆ. 2004ರಲ್ಲಿ ಅಮೆರಿಕ ಸರ್ಕಾರದ ಟಿ.ವಿ. ಜಾಹೀರಾತಿನಲ್ಲಿ ತುಂಬು ಗರ್ಭಿಣಿಯೊಬ್ಬಳು ಎಗರಾಡೋ ಯಂತ್ರದ ಗೂಳಿ ಮೇಲೆ ಕೂತಿದ್ದಳು. ಹುಟ್ಟೋಕೆ ಮುಂಚೆ ಇಂಥ ಅಪಾಯ ಮೈಮೇಲೆ ಎಳ್ಕೊಳಲ್ಲ, ಹುಟ್ಟಿದ ಮೇಲೆ ಎದೆಹಾಲು ಕೊಡದೆ ಯಾಕೆ ಎಳ್ಕೋಬೇಕು ಅನ್ನೋದು ಅದರ ತಾತ್ಪರ್ಯ. ಆ ದೇಶದ ಕೇಂದ್ರ ಕಾನೂನಿನಲ್ಲಿ ಸಂಬಳದ ಹೆರಿಗೆ ರಜೆಯೇ ಖಾತ್ರಿ ಇರಲಿಲ್ಲ. ಹೆದರಿಸಿದ್ದು ಯಾರನ್ನ?

ನಮ್ಮಲ್ಲಿ 2017ರಿಂದ 26 ವಾರ ರಜೆ ಇದೆ, ಅಂದರೆ ಹೆಚ್ಚುಕಮ್ಮಿ ಪೋಸ್ಟರ್ ಹೇಳುವ ಅದೇ ಆರು ತಿಂಗಳು. ಆದರೆ ಮನೆಕೆಲಸದವರಿಗೆ, ಹೊಲದ ಕೂಲಿಗೆ, ಕಟ್ಟಡದ ಕೆಲಸಕ್ಕೆ ಹೋಗೋರಿಗೆ ಅದು ಸಿಗಲ್ಲ. ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗೋಳಿಗೆ ಅಮೃತದ ಮಾತು ಹೇಳಿ ಏನು ಪ್ರಯೋಜನ? ಹಾಲು ಹಿಂಡಿ ಇಟ್ಟು ಹೋಗೋದು ಹೇಗೆ, ಅದು ಎಷ್ಟು ಹೊತ್ತು ಕೆಡದೆ ಇರುತ್ತೆ ಅನ್ನೋದಾದರೂ ಅವಳಿಗೆ ಗೊತ್ತಾಗಬೇಕು.

ಕೆಲವರಿಗೆ ಎಷ್ಟು ಪ್ರಯತ್ನಪಟ್ಟರೂ ಹಾಲು ಸಾಲಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿರಬಹುದು, ಹಾರ್ಮೋನಿನ ತೊಂದರೆ ಇರಬಹುದು. ಎದೆಹಾಲೇ ಅಂತ ಹಟ ಹಿಡಿದು ಮಗು ನಿರ್ಜಲೀಕರಣಕ್ಕೆ ಹೋದರೆ ಅದೂ ಅಪಾಯವೇ. ಐದನೇ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಇಲ್ಲದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಪುಡಿ ಹಾಲು ಕೊಡಲೇಬೇಕಾಗಿ ಬಂದರೆ, ಆ ಪುಡಿ ಕ್ರಿಮಿಮುಕ್ತ ಅಲ್ಲ ಅನ್ನೋದು ನೆನಪಿರಲಿ. ಕುದಿಸಿದ ನೀರು ಇನ್ನೂ 70 ಡಿಗ್ರಿಯಷ್ಟು ಬಿಸಿ ಇರುವಾಗಲೇ ಬೆರೆಸಿ, ಕುಡಿಯೋ ಹದಕ್ಕೆ ಆರಿಸಿ ಕೊಡಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಡಬ್ಬಿ ಮೇಲೆ ಬರೆದ ಅಳತೆಗಿಂತ ನೀರು ಜಾಸ್ತಿ ಮಾಡಬಾರದು. ಬಾಟಲಿಗಿಂತ ನಮ್ಮ ಒಳಲೆಯೇ ವಾಸಿ, ಮೂಲೆ ಸಂದು ಇಲ್ಲದೆ ಪೂರ್ತಿ ತೊಳೆಯಬಹುದು. ಈ ನಾಲ್ಕು ಸಾಲೂ ಅದೇ ಗೋಡೆ ಮೇಲೆ ಇರಲಿ, ಔಷಧಿ ಅಂಗಡಿಯ ಹುಡುಗ ಹೇಳೋವರೆಗೆ ಯಾಕೆ ಕಾಯಬೇಕು?